ಹತ್ತು ಅಂಕಿ

ಸುರಕ್ಷತಾ ಯೋಜನೆ ಬರೆದದ್ದು ನಾನೇ.
ಹದಿನಾಲ್ಕು ಪುಟ, ಸ್ಪೈರಲ್ ಬೈಂಡಿಂಗ್.
ಬೆಂಕಿ ಬಿದ್ದರೆ ಎಡಗಡೆ ಮೆಟ್ಟಿಲು,
ತುಂಗೆ ಉಕ್ಕಿದರೆ ಮಹಡಿ,
ಹೆಜ್ಜೇನು ಎದ್ದರೆ ಕಂಬಳಿ ಎಲ್ಲಿದೆ
ಎಂದು ಚೌಡಮ್ಮನಿಗೆ ಗೊತ್ತು.
ಎಲ್ಲರೂ ಸೇರುವ ಜಾಗ, ಹೊಂಗೆ ಮರದ ಬುಡ.
ನಕ್ಷೆಯಲ್ಲಿ ಆ ಮರ ಬರೆದವಳು
ಒಂಬತ್ತನೇ ಬಿ-ಯ ನೌಶೀನ್,
ಒಂದೊಂದೇ ಎಲೆಗೆ ಹಸಿರು ಬಳಿದು.

ಹನ್ನೊಂದನೇ ಪುಟ ಮೊಬೈಲಿನದು.
ಪ್ರಾರ್ಥನೆಗೆ ಮುಂಚೆ ಕೊಡಬೇಕು, ಸ್ವಿಚ್ ಆಫ್ ಮಾಡಿ.
ಕೊಡುತ್ತಾರೆ, ಪಾಪ:
ಗಾಜು ಸೀಳಿದವು, ಅಣ್ಣ ಬಳಸಿ ಬಿಟ್ಟವು,
ಕವರಿನೊಳಗೆ ಹತ್ತರ ನೋಟು ಮಡಚಿಟ್ಟವು.
ಬೀರುವಿನ ಮೂರನೇ ಖಾನೆಯಲ್ಲಿ ಮಲಗಿಸಿ
ಬೀಗದ ಕೈ ಸೊಂಟಕ್ಕೆ ಸಿಕ್ಕಿಸುತ್ತಾಳೆ ಚೌಡಮ್ಮ.
ಸ್ವಿಚ್ ಆಫ್ ಯಾರು ಮಾಡುತ್ತಾರೆ?
ಊಟದ ಹೊತ್ತಿಗೆ ಬೀರು ಸಣ್ಣಗೆ ಗೊರಕೆ ಹೊಡೆಯುತ್ತದೆ.
ಕೇಳಿಸದವರ ಹಾಗೆ ನಾವು ಬುತ್ತಿ ಬಿಚ್ಚುತ್ತೇವೆ.

ಆ ಗುರುವಾರ, ಹನ್ನೆರಡೂ ಕಾಲು.
ತ್ರಿಕೋನದ ಮೂರು ಕೋನ ಕೂಡಿಸುತ್ತಿದ್ದೆ.
ಒಂದು ಗುಂಯ್. ಆಮೇಲೆ ಎರಡು.
ಆಮೇಲೆ ಇಡೀ ಬೀರು
ಕಲ್ಲು ಬಿದ್ದ ಜೇನುಗೂಡು.

ಗಾಂಧಿ ಬಜಾರಿನಲ್ಲಿ ಏನೋ ಆಯಿತಂತೆ.
ಏನೆಂದು ಯಾರಿಗೂ ತಿಳಿಯದು,
ವಿಡಿಯೋ ಮಾತ್ರ ಇದೆಯಂತೆ.
ಸೇತುವೆ ಬಂದ್. ಮಂಡ್ಲಿಯಲ್ಲೂ ಒಂದರ ಹಿಂದೊಂದು
ಶಟರ್ ಇಳಿಯುವ ಸದ್ದು.
ಬ್ಯಾಂಕಿಗೆ ಹೋದ ಚೌಡಮ್ಮ
ಆಚೆ ದಡದಲ್ಲಿ, ಬೀಗದ ಕೈ ಸಮೇತ.

ಹದಿನಾಲ್ಕೂ ಪುಟ ತಿರುವಿದೆ.
ಈ ದಿನ ಯಾವುದರಲ್ಲೂ ಇರಲಿಲ್ಲ.

ಮಕ್ಕಳನ್ನು ಹೊಂಗೆಯಡಿ ಕೂರಿಸಿದೆವು.
ನೆರಳು ಅರ್ಧ ಜನಕ್ಕೂ ಸಾಲಲಿಲ್ಲ.
ನಕ್ಷೆಯಲ್ಲಿ ಬೇಕಾದಷ್ಟಿತ್ತು.

ಆಫೀಸಿನ ಲ್ಯಾಂಡ್‌ಲೈನು ಧೂಳು ಒರೆಸಿ ಕಿವಿಗಿಟ್ಟರೆ
ಇನ್ನೂ ಉಸಿರಾಡುತ್ತಿತ್ತು.
"ಒಬ್ಬೊಬ್ಬರೇ ಬನ್ನಿ. ಇಲ್ಲೇ ಇದೀವಿ ಅಂತ ಮನೆಗೆ ಹೇಳಿ. ನಂಬರ್?"
ಪ್ರಖ್ಯಾತ್ ಬಾಯಿ ತೆರೆದ, ಮುಚ್ಚಿದ.
"'ಅಮ್ಮ' ಅಂತ ಸೇವ್ ಆಗಿದೆ ಮಿಸ್."
ನೌಶೀನ್ ಬೆರಳು ಗಾಳಿಯಲ್ಲೇ ಆಡಿಸಿ ನೋಡಿದಳು,
ಬೆರಳಿಗೂ ನೆನಪಿಲ್ಲ.
ಪೈ ಬೆಲೆ ಎಂಟು ಸ್ಥಾನ ಒಪ್ಪಿಸುವವರು,
ಆಟದ ಪಾಸ್‌ವರ್ಡು ನಿದ್ದೆಯಲ್ಲೂ ಹೇಳುವವರು,
ಒಂಬತ್ತು, ಎಂಟು, ನಾಲ್ಕು...
ನಾಲ್ಕೋ? ಎಂಟೋ?

ಸಾಲಿನ ಕೊನೆಯಿಂದ ಹಾಲೇಶ ಬಂದ.
ಮೂರನೇ ಖಾನೆಯಲ್ಲಿ ಹೆಸರಿಲ್ಲದ ಹುಡುಗ.
ಗಟಗಟ ಹತ್ತೂ ಅಂಕಿ.
"ಅವ್ವನ ಮಂಡಕ್ಕಿ ಗಾಡಿ ಮೇಲೆ
ಪೇಂಟಲ್ಲಿ ಬರ್ದಿದ್ದು ನಾನೇ ಮಿಸ್."
ಆ ಕಡೆಯಿಂದ, "ಎಂತಾತೋ?"
"ಏನಿಲ್ಲವ್ವಾ, ಎಲ್ಲಾ ಮರದ ಕೆಳಗೆ ಕೂತಿದೀವಿ. ಗಾಡಿ ಒಳಗೆ ತಗಾ."
ಗಾಡಿ ಒಳಗೆ ತಗೊಳ್ಳಲಿಲ್ಲ ಆಕೆ.
ತಳ್ಳಿಕೊಂಡೇ ಓಣಿ ಓಣಿ ಸುತ್ತಿ ಕೂಗಿದಳು:
ಮಕ್ಕಳು ಮರದಡಿ ಅದಾವೆ, ಮರದಡಿ ಅದಾವೆ!

ಸಂಜೆ ತಿಳಿಯಿತು. ಬಜಾರಿನಲ್ಲಿ
ಎರಡು ಆಟೋ ಉಜ್ಜಿಕೊಂಡು ನಾಲ್ಕು ಬೈಗುಳ.
ವಿಡಿಯೋ ಯಾವುದೋ ಊರಿನದು, ಎರಡು ವರ್ಷ ಹಳೆಯದು.
ಪೋಷಕರ ಗುಂಪಿಗೆ ಅದನ್ನು ಮೊದಲು ಹಾಕಿದವರು
ನಮ್ಮ ಡ್ರಿಲ್ ಮೇಷ್ಟ್ರು ಷಡಾಕ್ಷರಪ್ಪ.
ಮೇಲೆ ಒಂದೇ ಪದ: ಎಚ್ಚರ.
ಮೇಷ್ಟ್ರುಗಳ ಫೋನು ಬೀರುವಿಗೆ ಹೋಗುವುದಿಲ್ಲ.
ಹನ್ನೊಂದನೇ ಪುಟದಲ್ಲಿ
ನಾನು ಅದನ್ನು ಬರೆದೇ ಇರಲಿಲ್ಲ.

ಈಗ ಹದಿನೈದನೇ ಪುಟವೂ ಇದೆ.
ನಾಡಗೀತೆ ಮುಗಿದ ಮೇಲೆ ಮಗ್ಗಿಯ ಹಾಗೆ
ಎಲ್ಲರೂ ಒಟ್ಟಿಗೆ, ಅವರವರ ಮನೆಯ ಹತ್ತು ಅಂಕಿ.
ಅರ್ಥವಾಗದ ಗದ್ದಲ,
ಸಂತೆಯಲ್ಲಿ ನೂರು ತಾಯಂದಿರನ್ನು ಒಮ್ಮೆಗೇ ಕರೆದಂತೆ.
ಮುಂದೆ ನಿಂತು ಹೇಳಿಸುವವನು ಹಾಲೇಶ.
ಪಕ್ಕದಲ್ಲಿ ನಾನೂ ತುಟಿ ಆಡಿಸುತ್ತೇನೆ,
ಅಂಗೈಯಲ್ಲಿ ಪೆನ್ನಿನಲ್ಲಿ ಬರೆದ ಮಗಳ ನಂಬರು
ಕದ್ದು ನೋಡುತ್ತ.
ಬೆವರಿಗೆ ಏಳನೆಯ ಅಂಕಿ ಅಳಿಸಿದೆ.
ಒಂದಿರಬೇಕು.
ಇಲ್ಲ, ಏಳು.